ಪ್ರಿಮ್‌ರೋಸ್ ತುಂಬಿಸಿದ ಎರಡನೆಯ ಬಕೆಟ್

ಎಲ್ಲದಕ್ಕೂ ಮೂಲ ಒಂದು ಹಸುವಿನ ಹಾಲು ಕರೆಯದೆ ಬಿಟ್ಟದ್ದು. ಅದೂ ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.

ಮೇ ತಿಂಗಳ ಆ ಶುಕ್ರವಾರ ಬೆಳಿಗ್ಗೆ ಕ್ರೇಗ್‌ಮೂರ್ ಫಾರ್ಮಿನ ಕ್ವಿಂಟಿನ್ ಮೆಕ್‌ಕ್ರಿಂಡಲ್ ಕೊಟ್ಟಿಗೆಯ ಸಾಲಿನಲ್ಲಿ ಒಂದೊಂದೇ ಹಸುವನ್ನು ಕರೆಯುತ್ತ ಬಂದು ಪ್ರಿಮ್‌ರೋಸ್ ಹತ್ತಿರ ನಿಂತ. ಅವಳು ಎಂದಿನಂತೆ ಕಾಲು ಅಗಲಿಸಿ, ಮೆಲುಕು ಹಾಕುತ್ತ ಕಾದಳು. ಕ್ವಿಂಟಿನ್ ಅವಳ ಬೆನ್ನು ಸವರಿ, "ಇವತ್ತೊಂದು ಹೊತ್ತು ತಡ್ಕೋ ತಾಯಿ. ನನಗೋಸ್ಕರ," ಎಂದು ಹೇಳಿ ಮುಂದಿನ ಹಸುವಿಗೆ ಹೋಗಿಬಿಟ್ಟ. ಪ್ರಿಮ್‌ರೋಸ್ ಕತ್ತು ತಿರುಗಿಸಿ ನೋಡಿದಳು. ಹುಟ್ಟಿದಂದಿನಿಂದ ಆ ಕೊಟ್ಟಿಗೆಯಲ್ಲಿ ಅವಳಿಗೆ ಇಂಥ ಅವಮಾನ ಆಗಿರಲಿಲ್ಲ.

ಅವತ್ತು ಸಂಜೆ ಹಾಲು ತೂಗುವವಳು ಬರುವವಳಿದ್ದಳು. ಏರ್‌ಶೈರಿನ ಆ ಭಾಗದಲ್ಲಿ ಹಾಲಿನ ಸಂಘಕ್ಕೆ ಸೇರಿದ ಫಾರ್ಮುಗಳಿಗೆಲ್ಲ ತಿಂಗಳಿಗೊಮ್ಮೆ ಹೀಗೆ ಒಬ್ಬರು ಬರುತ್ತಿದ್ದರು. ಸಂಜೆ ಕರೆದ ಹಾಲನ್ನು ಒಂದೊಂದು ಹಸುವಿನದೂ ಬೇರೆ ಬೇರೆ ತೂಗಿ, ರಾತ್ರಿ ಅಲ್ಲೇ ಉಂಡು ಮಲಗಿ, ಬೆಳಗಿನ ಹಾಲನ್ನೂ ತೂಗಿ ಹೊರಡುವುದು. ಹೆಚ್ಚು ಹಾಲು ದಾಖಲಾದ ಹಸುವಿಗೆ ಸಂತೆಯಲ್ಲಿ ಹೆಚ್ಚು ಬೆಲೆ. ತಕ್ಕಡಿ, ಸೀಸೆಗಳ ಪೆಟ್ಟಿಗೆ ಸಮೇತ ಅವರನ್ನು ಮುಂದಿನ ಫಾರ್ಮಿಗೆ ತಲುಪಿಸುವುದು ಹಿಂದಿನ ಫಾರ್ಮಿನವರ ಕೆಲಸ. ಎರಡು ವರ್ಷದಿಂದ ಈ ಸುತ್ತಿಗೆ ಬರುತ್ತಿದ್ದವಳು ನೆಟ್ಟಾ ಗಿಬ್ಸನ್. ವಯಸ್ಸು ಮೂವತ್ತು ದಾಟಿತ್ತು, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಆದರೆ ನಕ್ಕರೆ ಕ್ವಿಂಟಿನ್‌ಗೆ ವಾರಗಟ್ಟಲೆ ನೆನಪಿರುತ್ತಿತ್ತು.

ಅವನಿಗೆ ನಲವತ್ತೆರಡು. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಮನೆಯಲ್ಲಿ ಅವನೊಬ್ಬನೇ. ಊಟವನ್ನು ಒಲೆಯ ಪಕ್ಕ ನಿಂತೇ ಮುಗಿಸುತ್ತಿದ್ದ. ಒಬ್ಬನಿಗೋಸ್ಕರ ಮೇಜು ಹಾಕುವುದು ಅವನಿಗೆ ನಾಚಿಕೆಯ ವಿಷಯ. ಮೇಜಿನ ಮೇಲೆ ಬಟ್ಟೆ ಹಾಸುತ್ತಿದ್ದದ್ದು ತಿಂಗಳಿಗೊಮ್ಮೆ, ನೆಟ್ಟಾ ಬರುವ ದಿನ. ಅವಳಿಗೆ ಹೇಳಬೇಕೆಂದು ತಿಂಗಳಿಡೀ ವಿಷಯ ಕೂಡಿಡುತ್ತಿದ್ದ. ನರಿ ಮರಿಗಳ ಸಮೇತ ಅಂಗಳ ದಾಟಿದ್ದು, ಹೊಗೆಗೂಡಿನೊಳಗೆ ಹಕ್ಕಿ ಸಿಕ್ಕಿಹಾಕಿಕೊಂಡದ್ದು, ಎಲ್ಲ. ಅವಳು ಬಂದು ಎದುರಿಗೆ ಕೂತ ಕೂಡಲೇ ಆ ಉಗ್ರಾಣಕ್ಕೆ ಬೀಗ ಬೀಳುತ್ತಿತ್ತು. "ಮಳೆ ಬರಬಹುದು," ಎನ್ನುತ್ತಿದ್ದ. "ಬರಬಹುದು," ಎನ್ನುತ್ತಿದ್ದಳು ಅವಳು. ಬೆಳಿಗ್ಗೆ ಅವಳು ಹೋದ ಮೇಲೆ ನರಿಯ ಕತೆಯನ್ನು ಪ್ರಿಮ್‌ರೋಸ್‌ಗೆ ಹೇಳುತ್ತಿದ್ದ.

ಇದು ಆ ಮನೆತನದ ಗಂಡಸರ ಕಾಯಿಲೆ. ಕ್ವಿಂಟಿನ್‌ನ ಅಜ್ಜ ಒಂದು ಸಣ್ಣ ಹಿಂಡು ಹಸು ಮತ್ತು ಚೀಸ್ ಮಾಡುವ ತಾಮ್ರದ ಕೊಪ್ಪರಿಗೆಯೊಡನೆ ಈ ಫಾರ್ಮನ್ನು ಗೇಣಿಗೆ ಹಿಡಿದ. ಚೀಸ್ ಮಾಡಲು ಸಂಬಳಕ್ಕೆ ಬಂದವಳನ್ನು ಮದುವೆಯಾದ. ಏಳು ವರ್ಷವಾದರೂ ಅವನು ಆ ಮಾತು ಎತ್ತಲಿಲ್ಲ, ಕೊನೆಗೆ ಅವಳೇ ಎತ್ತಿದಳು. ಅಪ್ಪ ಹ್ಯೂನದು ಇನ್ನೊಂದು ಕತೆ. ಸುತ್ತಲಿನವರು ನಗುತ್ತಿದ್ದಾಗಲೇ ಸಂಘಕ್ಕೆ ಸೇರಿ ಹಸುಗಳ ಹಾಲನ್ನು ತೂಗಿಸಿದ ಮೊದಲಿಗ ಅವನು. ಹಾಲು ತೂಗಲು ಬಂದ ಆಗ್ನೆಸ್ ಎಂಬ ಹುಡುಗಿಗೆ ಒಂದು ರಾತ್ರಿಯಲ್ಲಿ ಉಪ್ಪು ಕೊಡಿ ಎಂದು ಕೇಳುವಷ್ಟೂ ಧೈರ್ಯ ಅವನಿಗಿರಲಿಲ್ಲ. ದೇವರು ದೊಡ್ಡವನು, ಹಿಮ ಬಿತ್ತು. ದಾರಿ ಮುಚ್ಚಿ ಅವಳು ನಾಲ್ಕು ದಿನ ಕ್ರೇಗ್‌ಮೂರಿನಲ್ಲೇ ಸಿಕ್ಕಿಹಾಕಿಕೊಂಡಳು. ಕೊನೆಯ ದಿನ ಹ್ಯೂ ಕಿಟಕಿಯಿಂದ ನೋಡಿ, "ದಾರಿ ಬಿಟ್ಟಿದೆ. ಆದ್ರೆ ನೀವು ಹೋಗ್ಲೇಬೇಕು ಅಂತೇನಿಲ್ಲ," ಎಂದನಂತೆ. ಕ್ವಿಂಟಿನ್ ಹುಟ್ಟಿದ್ದು ಆ ಒಂದು ಮಾತಿನಿಂದ.

ಮೇ ತಿಂಗಳಲ್ಲಿ ಹಿಮ ಬೀಳುವುದಿಲ್ಲ. ಅದಕ್ಕೇ ಕ್ವಿಂಟಿನ್ ಹಿಮದ ಬದಲು ಪ್ರಿಮ್‌ರೋಸ್‌ಳನ್ನು ನಂಬಿದ. ಸಂಘದ ಒಂದು ನಿಯಮ ಅವನ ತಲೆಯಲ್ಲಿತ್ತು: ಯಾವುದಾದರೂ ಹಸುವಿನ ಹಾಲಿನ ತೂಕ ಹಿಂದಿನ ತಿಂಗಳಿಗಿಂತ ವಿಪರೀತ ಹೆಚ್ಚಿದ್ದು ಅನುಮಾನ ಬಂದರೆ, ಮತ್ತೆ ಕೆಲವು ದಿನ ತೂಗಿ ನೋಡಬೇಕು. ಬೆಳಿಗ್ಗೆ ಕರೆಯದಿದ್ದರೆ ಸಂಜೆ ಎರಡು ಹೊತ್ತಿನ ಹಾಲು ಒಟ್ಟಿಗೆ ಬರುತ್ತದೆ. ನೆಟ್ಟಾ ಉಳಿಯಬೇಕಾಗುತ್ತದೆ. ಉಳಿದರೆ ಅವನು ಮಾತಾಡಿಯೇ ಆಡುತ್ತಾನೆ. ಇಷ್ಟು ಸರಳವಾದ ಉಪಾಯ ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ಅವನಿಗೇ ಆಶ್ಚರ್ಯವಾಗಿತ್ತು.

ಒಂಬತ್ತು ಗಂಟೆಯ ಹೊತ್ತಿಗೆ ಪ್ರಿಮ್‌ರೋಸ್ ಬಾಯಿ ತೆರೆದಳು. ಆ ಕೂಗು ಹೊಲ ದಾಟಿ, ಹಳ್ಳ ದಾಟಿ, ದಾರಿಯ ಕೊನೆಯಲ್ಲಿದ್ದ ಅಂಚೆ ಅಂಗಡಿಯವರೆಗೆ ಹೋಯಿತು. ಅಂಚೆ ಅಂಗಡಿಯ ಎಫೀ ಟೆಂಪಲ್‌ಟನ್ ಯಾರಿಗೂ ಸಂಬಂಧಿಯಲ್ಲದಿದ್ದರೂ ಇಡೀ ಊರಿಗೆ ಎಫೀ ಚಿಕ್ಕಮ್ಮ. ಊರಿನವರ ಕಾಗದ, ತಂತಿ, ಊರಿಗಿದ್ದ ಒಂದೇ ದೂರವಾಣಿ, ಮೂಗು ಸೋರುವುದು, ಎಲ್ಲವೂ ಅವಳ ಕೈಮೇಲೇ ಹಾಯಬೇಕು. ಅರ್ಧ ಗಂಟೆಯಲ್ಲಿ ಅವಳು ಒಂದು ಕೈಯಲ್ಲಿ ಕಾಕಂಬಿಯ ಡಬ್ಬ, ಇನ್ನೊಂದು ಕೈಯಲ್ಲಿ ವಿಸ್ಕಿ ಸೀಸೆ ಹಿಡಿದು ಅಂಗಳಕ್ಕೆ ಬಂದಳು.

"ಏನಾಯ್ತೋ ಕ್ರೇಗ್‌ಮೂರ್, ಹಸು ಹೀಗೆ ಅರಚ್ತಾ ಇದೆ?"

ಆ ಕಡೆ ಗಂಡಸನ್ನು ಅವನ ಫಾರ್ಮಿನ ಹೆಸರಿನಿಂದಲೇ ಕರೆಯುವುದು ವಾಡಿಕೆ.

"ಏನಿಲ್ಲ ಚಿಕ್ಕಮ್ಮ. ಹವಾ ಬದಲಾವಣೆ."

"ಹವಾ ಬದಲಾದ್ರೆ ಹಸುಗೆ ಕೆಚ್ಚಲು ಹಿಂಗೆ ಊದತ್ತಾ? ನೋಡು, ಕುಂಬಳಕಾಯಿ ಆಗಿದೆ. ಸರಿ ಅತ್ಲಾಗೆ, ನಾನು ಕರೀತೀನಿ."

ಅವಳು ಬಗ್ಗುವಷ್ಟರಲ್ಲಿ ಕ್ವಿಂಟಿನ್ ಹಾಲು ಕರೆಯುವ ಮೂರುಕಾಲಿನ ಮಣೆಯ ಮೇಲೆ ದೊಪ್ಪನೆ ಕೂತುಬಿಟ್ಟ. "ಬೇಡ. ಇವತ್ತು ಕರೀಬೇಡಿ ಅಂತ ಡಾಕ್ಟ್ರು ಹೇಳಿದಾರೆ."

"ಯಾವ ಡಾಕ್ಟ್ರು?"

"ದನದ ಡಾಕ್ಟ್ರು."

"ಯಾವಾಗ ಹೇಳಿದ್ರು? ನೀನು ಫೋನ್ ಮಾಡಿದ್ರೆ ನನ್ನ ಕೈಯಿಂದ್ಲೇ ಹೋಗ್ಬೇಕು. ನಿಮ್ಮಮ್ಮನ ಮಣ್ಣಿಗೆ ಜನ ಕರೆಸಿದ್ದೇ ಕೊನೆ. ಆಮೇಲೆ ನೀನು ಒಬ್ರಿಗೂ ಫೋನ್ ಮಾಡಿಲ್ಲ, ನಿನಗೂ ಒಬ್ರೂ ಮಾಡಿಲ್ಲ."

ಅದು ನಿಜವಾಗಿತ್ತು. ಕ್ವಿಂಟಿನ್ ಮಣೆಯಿಂದ ಏಳದೆ ತನ್ನ ಬೂಟು ನೋಡಿಕೊಂಡ. ನಾಲ್ಕು ವರ್ಷ ತನಗೆ ಯಾರೂ ಫೋನ್ ಮಾಡಿಲ್ಲ ಎಂಬುದನ್ನು ಅವನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಬೇರೆಯವರು ಹಾಕಿಟ್ಟಿದ್ದರು.

ಎಫೀ ಚಿಕ್ಕಮ್ಮ ಅವನ ಮುಖ ನೋಡಿ ದನಿ ತಗ್ಗಿಸಿದಳು. "ಒಬ್ಬನೇ ಇದ್ದು ಇದ್ದು ನಿನಗೆ ತಲೆ ಕೆಟ್ಟಿದೆ ಕಣಪ್ಪ. ಭಾನುವಾರ ನಮ್ಮನೆಗೆ ಊಟಕ್ಕೆ ಬಾ. ನನ್ನ ನಾದಿನಿ ಇರ್ತಾಳೆ. ಒಂದು ಕಣ್ಣು ಸ್ವಲ್ಪ ಮಂಜು, ಅಷ್ಟೇ. ಆ ಕಣ್ಣಿನ ಕಡೆ ನೀನು ಕೂತ್ಕೋ." ಪ್ರಿಮ್‌ರೋಸ್ ಕಾಕಂಬಿ ಬೆರೆಸಿದ ವಿಸ್ಕಿಯನ್ನು ಮೂಸಿ ಮುಖ ತಿರುಗಿಸಿದಳು. ಹಾಳುಮಾಡಬಾರದೆಂದು ಚಿಕ್ಕಮ್ಮನೇ ಅದನ್ನು ಮುಗಿಸಿ, ಬಾಯಿ ಒರೆಸಿಕೊಂಡು ಹೊರಟಳು. ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿ ಮೂರು ಸುದ್ದಿ ಹರಡಿದ್ದವು: ಕ್ರೇಗ್‌ಮೂರಿನ ಹಸು ಸಾಯುತ್ತಿದೆ, ಕ್ರೇಗ್‌ಮೂರಿಗೆ ಬುದ್ಧಿಭ್ರಮಣೆಯಾಗಿದೆ, ಕ್ರೇಗ್‌ಮೂರ್ ಎಫೀಯ ನಾದಿನಿಯನ್ನು ಮದುವೆಯಾಗುತ್ತಿದ್ದಾನೆ.

ಇತ್ತ ಕ್ವಿಂಟಿನ್ ಅಡುಗೆಮನೆ ಸೇರಿದ. ನೆಟ್ಟಾಗೆಂದು ಒಣದ್ರಾಕ್ಷಿ ಹಾಕಿದ ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿ, ಅಮ್ಮ ಮಾಡುತ್ತಿದ್ದಂತೆ, ದೊಡ್ಡ ಪಾತ್ರೆಯಲ್ಲಿ ಕಡುಬು ಬೇಯಲಿಟ್ಟಿದ್ದ. ಅತಿಥಿಯ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದ. ಕನ್ನಡಿಯ ಮುಂದೆ ನಿಂತು, "ಮಿಸ್ ಗಿಬ್ಸನ್, ಈ ಮನೆ ಒಬ್ಬನಿಗೆ ದೊಡ್ಡದಾಯ್ತು," ಎಂದು ಅಭ್ಯಾಸ ಮಾಡಿದ. ಮೂರನೆಯ ಸಲ ಹೇಳುವಾಗ ಕಿಟಕಿಯಿಂದ ದೊಡ್ಡ ಕೂಗು ಬಂತು. ಪ್ರಿಮ್‌ರೋಸ್ ಗೂಟ ಕಿತ್ತುಕೊಂಡು ಬಂದು ಅಡುಗೆಮನೆಯ ಕಿಟಕಿಯಲ್ಲಿ ತಲೆ ತೂರಿಸಿದ್ದಳು. ಅವಳು ನೋಡುತ್ತಿದ್ದದ್ದು ಅವನನ್ನೇ.

"ಗೊತ್ತು, ಗೊತ್ತು," ಎಂದ ಕ್ವಿಂಟಿನ್. ಅವನಿಗೆ ನಿಜವಾಗಿಯೂ ಅಳು ಬರುವಂತಾಯಿತು. ಹಸುವಿಗೆ ನೋವು ಕೊಟ್ಟವನಲ್ಲ ಅವನು. ಆದರೆ ಇನ್ನು ಸ್ವಲ್ಪ ಹೊತ್ತು, ಅಷ್ಟೇ. ಅವಳನ್ನು ಕೊಟ್ಟಿಗೆಗೆ ಎಳೆದೊಯ್ಯುವಾಗ ಅವಳು ಎಲೆಕೋಸಿನ ಪಾತಿ ತುಳಿದಳು, ಒಣಹಾಕಿದ ಮೇಜಿನ ಬಟ್ಟೆಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಅಂಗಳ ಸುತ್ತಿದಳು. ಅವನು ತಿರುಗಿ ಬರುವಷ್ಟರಲ್ಲಿ ಪಾತ್ರೆಯ ನೀರು ಬತ್ತಿ ಕಡುಬಿನ ತಳ ಸೀದಿತ್ತು.

ಮೂರು ಗಂಟೆಗೆ ಪಕ್ಕದ ಲ್ಯಾಗನ್ ಫಾರ್ಮಿನ ವುಲ್ಲಿ ಸ್ಲೋನ್ ತನ್ನ ವ್ಯಾನಿನಲ್ಲಿ ನೆಟ್ಟಾಳನ್ನೂ ಅವಳ ಪೆಟ್ಟಿಗೆಗಳನ್ನೂ ತಂದಿಳಿಸಿದ. ವುಲ್ಲಿ ಉಪಕಾರಿ ಮನುಷ್ಯ, ಆದರೆ ಹಾಲಿನ ತೂಕದ ವಿಷಯದಲ್ಲಿ ಅವನ ಹೆಸರು ಅಷ್ಟು ಚೆನ್ನಾಗಿರಲಿಲ್ಲ. ನೆಟ್ಟಾ ಮೇಲಂಗಿ ಬದಲಿಸಲು ಒಳಗೆ ಹೋದ ಕೂಡಲೇ ಅವನು ಕೊಟ್ಟಿಗೆಗೆ ನುಗ್ಗಿ ಪ್ರಿಮ್‌ರೋಸ್ ಕೆಚ್ಚಲನ್ನು ಒಂದು ನೋಟ ನೋಡಿದ. ಅವನ ಮುಖ ಅರಳಿತು.

"ಬಂದೆಯಲ್ಲಯ್ಯ ದಾರಿಗೆ," ಎಂದು ಕ್ವಿಂಟಿನ್‌ನ ಬೆನ್ನು ತಟ್ಟಿದ. "ನಿಮ್ಮಪ್ಪ ತಕ್ಕಡಿ ತನ್ನ ಕಡೆ ವಾಲ್ತಾ ಇದೆ ಅಂತ ಸೈಕಲ್ ಹೊಡ್ಕೊಂಡು ಸಂಘದ ಆಫೀಸಿಗೆ ಹೋಗಿ ಹೇಳಿ ಬಂದಿದ್ದ. ಆ ಮನುಷ್ಯನಿಂದ ನಾವೆಲ್ಲ ತಲೆ ಎತ್ತೋ ಹಾಗಿರ್ಲಿಲ್ಲ. ನೀನಾದ್ರೂ ನಮ್ಮ ಥರ ಆದೆಯಲ್ಲ, ಸಂತೋಷ."

"ಏನು ಹೇಳ್ತಾ ಇದೀಯ ನೀನು?"

"ನನ್ನ ಹತ್ರ ಮುಚ್ಚುಮರೆ ಏನು? ಆದ್ರೆ ಪೂರ್ತಿ ಬಿಡಬಾರ್ದು ಕಣಯ್ಯ. ಬೆಳಿಗ್ಗೆ ಅರ್ಧ ಕರೀಬೇಕು, ಅರ್ಧ ಬಿಡ್ಬೇಕು. ಆಗ ಅನುಮಾನ ಬರಲ್ಲ. ಇದು ಕಣ್ಣಿಗೆ ಹೊಡೆಯತ್ತೆ."

ಅನುಮಾನ ಬರಬೇಕೆಂದೇ ತಾನು ಹೀಗೆ ಮಾಡಿದ್ದು ಎಂದು ಹೇಳುವುದು ಹೇಗೆ? ಹೇಳಿದರೆ ಯಾಕೆ ಎಂದು ಕೇಳುತ್ತಾನೆ. ಕ್ವಿಂಟಿನ್ ಸುಮ್ಮನೆ ಹಲ್ಲು ಬಿಟ್ಟ. ವುಲ್ಲಿ ಅದನ್ನು ಒಪ್ಪಿಗೆ ಎಂದುಕೊಂಡು, ತಮಾಷೆ ನೋಡಲು ಗೋಡೆಗೆ ಒರಗಿ ನಿಂತ.

ಹಾಲು ಕರೆಯಲು ಶುರುವಾಯಿತು. ನೆಟ್ಟಾ ಪ್ರತಿ ಬಕೆಟ್ಟನ್ನೂ ತಕ್ಕಡಿಗೆ ಸಿಕ್ಕಿಸಿ, ಮುಳ್ಳು ನಿಲ್ಲುವವರೆಗೆ ಕಾದು, ಬರೆದುಕೊಂಡು, ಸೀಸೆಗೆ ಒಂದಿಷ್ಟು ತುಂಬಿ ಮುಂದೆ ಸರಿಯುತ್ತಿದ್ದಳು. ಪ್ರಿಮ್‌ರೋಸ್ ಸರದಿ ಬಂತು. ಒಂದು ಬಕೆಟ್ ತುಂಬಿತು. ಕ್ವಿಂಟಿನ್ ಎರಡನೆಯದನ್ನು ಇಟ್ಟ. ಪ್ರಿಮ್‌ರೋಸ್ ಕಣ್ಣು ಅರೆಮುಚ್ಚಿ, ಇಡೀ ದಿನದ ಸಿಟ್ಟನ್ನು ಇಳಿಸುವವಳಂತೆ ನಿಂತೇ ಇದ್ದಳು. ಎರಡನೆಯದೂ ಅಂಚಿಗೆ ಬಂತು. ಗೋಡೆಯ ಕಡೆಯಿಂದ ವುಲ್ಲಿ ಮೆಲ್ಲಗೆ ಸಿಳ್ಳೆ ಹಾಕಿದ.

ನೆಟ್ಟಾ ಎರಡನ್ನೂ ತೂಗಿದಳು. ಮತ್ತೊಮ್ಮೆ ತೂಗಿದಳು. ಆಮೇಲೆ ಕ್ವಿಂಟಿನ್‌ನ ಮುಖ ನೋಡಿದಳು.

"ಹೋದ ತಿಂಗಳಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಬಂದಿದೆ, ಮಿಸ್ಟರ್ ಮೆಕ್‌ಕ್ರಿಂಡಲ್."

"ಮೇ ತಿಂಗಳ ಹುಲ್ಲು," ಎಂದ ಕ್ವಿಂಟಿನ್.

"ಉಳಿದ ಹಸುಗಳೂ ಅದೇ ಹುಲ್ಲು ತಿಂದಿವೆ."

"ಇವಳು ಸ್ವಲ್ಪ ಮನಸ್ಸಿಟ್ಟು ತಿಂತಾಳೆ."

ನೆಟ್ಟಾ ನಗಲಿಲ್ಲ. "ಬೆಳಿಗ್ಗೆ ಇವಳನ್ನ ಕರೆದಿದ್ರಾ?"

ಕ್ವಿಂಟಿನ್ ಬಕೆಟ್ಟಿನ ಹಿಡಿಯನ್ನು ಸರಿಪಡಿಸಿದ. ಕರೆದಿದ್ದೆ ಎಂದರೆ ಸುಳ್ಳು. ಇಲ್ಲ ಎಂದರೆ ಲೆಕ್ಕ ಅಲ್ಲಿಗೇ ಬಗೆಹರಿದು, ಬೆಳಿಗ್ಗೆ ಅವಳು ಹೊರಟುಬಿಡುತ್ತಾಳೆ. "ಅನುಮಾನ ಇದ್ರೆ," ಎಂದು ತೊದಲಿದ, "ಇನ್ನೂ ಕೆಲವು ದಿನ ತೂಗಿ ನೋಡ್ಬೇಕು ಅಂತ ನಿಯಮ ಇದೆಯಲ್ವಾ?"

"ಇದೆ," ಎಂದಳು ನೆಟ್ಟಾ ನಿಧಾನವಾಗಿ. "ತೂಗ್ಲೇಬೇಕಾಗತ್ತೆ. ಆಫೀಸಿಗೆ ಫೋನ್ ಮಾಡ್ಬರ್ತೀನಿ."

ಅವಳು ದಾರಿಯ ಕೊನೆಯ ಅಂಚೆ ಅಂಗಡಿಯ ಕಡೆ ನಡೆದುಹೋದಳು. ಕ್ವಿಂಟಿನ್‌ನ ಕಾಲು ನೆಲಕ್ಕೆ ತಾಗಲಿಲ್ಲ. ಮುಂದಿನ ಫಾರ್ಮಿಗೆ ಬರುವುದು ತಡವಾಗುತ್ತದೆ ಎಂದು ತಿಳಿಸಲು ಹೋಗಿದ್ದಾಳೆ, ಇನ್ನೇನು! ಒಳಗೆ ಓಡಿ ಕೊಂಬು ತಾಗಿ ಹರಿದ ಬಟ್ಟೆಯನ್ನೇ ಹರಿದ ಭಾಗ ಗೋಡೆಯ ಕಡೆಗೆ ಬರುವಂತೆ ಮೇಜಿಗೆ ಹಾಸಿದ. ಎರಡು ತಟ್ಟೆ ಇಟ್ಟ. ಕಡುಬಿನ ಸೀದ ತಳವನ್ನು ಕೆರೆದು ಬೋರಲು ಹಾಕಿದ. ನಾಳೆಗೆ ಮಾಂಸದ ಸಾರು, ನಾಡಿದ್ದು ಕೋಳಿ. ನಾಡಿದ್ದು ಎಂಬ ಪದ ಆ ಅಡುಗೆಮನೆಯಲ್ಲಿ ಎಷ್ಟೋ ಕಾಲದಿಂದ ಯಾರ ಬಾಯಿಗೂ ಬಂದಿರಲಿಲ್ಲ. ಅವನು ಅದನ್ನು ಸಣ್ಣಗೆ ಹೇಳಿ ನೋಡಿದ, ಚೆನ್ನಾಗಿ ಕೇಳಿಸಿತು.

ನೆಟ್ಟಾ ಹಿಂತಿರುಗಿ ಬಂದು ನೇರವಾಗಿ ಕೊಟ್ಟಿಗೆಗೆ ಹೋದಳು. ಕ್ವಿಂಟಿನ್ ಹೊರಬಂದು ನೋಡಿದರೆ ಅವಳು ಸೀಸೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದಳು. ವುಲ್ಲಿ ವ್ಯಾನಿನ ಹಿಂದಿನ ಬಾಗಿಲು ತೆರೆದಿದ್ದ.

"ಇದೇನು? ಎಲ್ಲಿಗೆ?"

"ಇವತ್ತು ರಾತ್ರಿ ಲ್ಯಾಗನ್‌ನಲ್ಲೇ ಇರ್ತೀನಿ," ಎಂದಳು ನೆಟ್ಟಾ, ತಲೆ ಎತ್ತದೆ.

"ಮತ್ತೆ ತೂಗೋದು?"

ಉತ್ತರ ಕೊಟ್ಟವನು ವುಲ್ಲಿ. "ಅನುಮಾನ ಬಂದ ಮನೇಲಿ ಮೊದ್ಲು ತೂಗಿದವರೇ ಮತ್ತೆ ತೂಗೋ ಹಾಗಿಲ್ಲ ಕಣಯ್ಯ. ಅವರು ಆ ಮನೇಲಿ ಒಂದು ಲೋಟ ನೀರೂ ಕುಡಿಯೋ ಹಾಗಿಲ್ಲ, ಮಲಗೋದಂತೂ ದೂರ ಉಳೀತು. ಆಫೀಸಿಂದ ಬೇರೆಯವರು ಬರ್ತಾರೆ. ಮೂರು ದಿನ ಕೂತು ತೂಗ್ತಾರೆ. ನಿನಗೆ ಗೊತ್ತಿರ್ಲಿಲ್ವಾ?"

ಕ್ವಿಂಟಿನ್‌ಗೆ ಗೊತ್ತಿರಲಿಲ್ಲ. ಎರಡು ತಲೆಮಾರಿನಲ್ಲಿ ಕ್ರೇಗ್‌ಮೂರಿನ ಹಸುಗಳ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ, ನಿಯಮದ ಅರ್ಧ ಕಿವಿಗೆ ಬಿದ್ದದ್ದೇ ಹೆಚ್ಚು. ಪೂರ್ತಿ ಗೊತ್ತಿರಬೇಕಾದರೆ ಲ್ಯಾಗನ್‌ನಲ್ಲಿ ಹುಟ್ಟಬೇಕಿತ್ತು.

ನೆಟ್ಟಾ ಪೆಟ್ಟಿಗೆ ಮುಚ್ಚಿ ಎದ್ದು ನಿಂತಳು. "ನೀವು ಈ ಥರ ಮಾಡ್ತೀರಿ ಅಂದ್ಕೊಂಡಿರ್ಲಿಲ್ಲ. ದಿನಾ ಒಂದು ಮನೆ, ದಿನಾ ಒಂದು ಹಾಸಿಗೆ ನನಗೆ. ಎಲ್ಲ ಕಡೆ ಏನೋ ಬಚ್ಚಿಡ್ತಾ ಇದಾರೆ ಅಂತ್ಲೇ ನೋಡ್ಬೇಕು. ಇಲ್ಲಿ ಮಾತ್ರ ಹಾಗನ್ನಿಸ್ತಿರ್ಲಿಲ್ಲ, ಇಲ್ಲಿ ಬಂದ ದಿನ ಚೆನ್ನಾಗಿ ನಿದ್ದೆ ಬರ್ತಿತ್ತು." ಕೈಗವಸು ಹಾಕಿಕೊಂಡಳು. ಒಂದು ಬೆರಳು ಸೇರಲಿಲ್ಲ, ತೆಗೆದು ಮತ್ತೆ ಹಾಕಿದಳು. "ನಾಳೆ ಶನಿವಾರ. ಬೆಳಿಗ್ಗೆ ಇಲ್ಲಿ ಮುಗಿದ್ರೆ ಸೋಮವಾರದವರೆಗೆ ನನಗೆ ಕೆಲಸ ಇಲ್ಲ. ಯಾವಾಗ್ಲೂ ನಮ್ಮ ದೊಡ್ಡಮ್ಮನ ಮನೆಗೆ ಹೋಗ್ತೀನಿ. ಈ ಸಲ ನಿಮಗೇನೂ ಅಭ್ಯಂತರ ಇಲ್ದಿದ್ರೆ ಇಲ್ಲೇ ಇರ್ಲಾ ಅಂತ ಕೇಳೋಣ ಅಂತಿದ್ದೆ. ಲ್ಯಾಗನ್‌ನಿಂದ ಬರೋ ದಾರೀಲೆಲ್ಲ ಹೇಗೆ ಕೇಳೋದು ಅಂತ್ಲೇ ಯೋಚನೆ ಮಾಡ್ಕೊಂಡು ಬಂದೆ."

ಕ್ವಿಂಟಿನ್ ಬಾಯಿ ತೆರೆದ. ಈ ಸಲ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ವುಲ್ಲಿ ಎರಡು ಕಿವಿಯನ್ನೂ ತೆರೆದುಕೊಂಡು ನಿಂತಿದ್ದ. ಅವನಿಗೆ ತಿಳಿದದ್ದು ಎಫೀಗೆ ತಿಳಿಯುತ್ತದೆ, ಎಫೀಗೆ ತಿಳಿದದ್ದು ಆಫೀಸಿಗೆ. ತೂಗುವವಳಿಗೋಸ್ಕರ ರೈತ ತೂಕ ಕೆಡಿಸಿದ ಎಂದಾದರೆ ಅವಳ ಕೆಲಸ ಉಳಿಯುವುದಿಲ್ಲ. ಅವನ ಮೇಲೆ ಕಳ್ಳನೆಂಬ ಹೆಸರು ಬಂದರೆ ಹಸುಗಳಿಗೇನೂ ಬೇಜಾರಿಲ್ಲ.

"ಹುಲ್ಲು ಚೆನ್ನಾಗಿತ್ತು," ಎಂದ.

ನೆಟ್ಟಾ ವ್ಯಾನ್ ಹತ್ತಿದಳು. ವುಲ್ಲಿ ಕಿಟಕಿಯಿಂದ ತಲೆ ಹಾಕಿ, "ಮೊದ್ಲೇ ನನ್ನ ಒಂದು ಮಾತು ಕೇಳಿದ್ರೆ ಇದೆಲ್ಲ ಆಗ್ತಿರ್ಲಿಲ್ಲ," ಎಂದ. ವ್ಯಾನ್ ದಾರಿಯ ತಿರುವಿನಲ್ಲಿ ಮರೆಯಾಯಿತು. ಕ್ವಿಂಟಿನ್ ಆ ತಿರುವನ್ನೇ ನೋಡುತ್ತ ಅಂಗಳದಲ್ಲಿ ನಿಂತಿದ್ದ. ಅವಳು ತಾನಾಗಿ ಉಳಿಯಲು ಬಂದಿದ್ದಳು. ಪ್ರಿಮ್‌ರೋಸ್‌ಳನ್ನು ಎಂದಿನಂತೆ ಕರೆದಿದ್ದರೆ ಸಾಕಿತ್ತು.

ಬೆಳಕು ಇನ್ನೂ ಇರುವಾಗಲೇ ಒಂದು ಹಳೆಯ ಕಾರು ಕೆಮ್ಮುತ್ತ ಅಂಗಳಕ್ಕೆ ಬಂತು. ಅದರಿಂದ ತಕ್ಕಡಿ, ಸೂಟ್‌ಕೇಸು, ಬಿಸಿನೀರಿನ ರಬ್ಬರ್ ಚೀಲ, ಕಾಗದದಲ್ಲಿ ಸುತ್ತಿದ ಚಪ್ಪಲಿ, ಕೊನೆಯಲ್ಲಿ ದಪ್ಪನೆಯ ಮುದುಕರೊಬ್ಬರು ಇಳಿದರು.

"ನಾನು ಹ್ಯಾಡೋ, ಸಂಘದ ಇನ್‌ಸ್ಪೆಕ್ಟರ್," ಎಂದರು ಅವರು, ಅಡುಗೆಮನೆಗೆ ನಡೆಯುತ್ತಲೇ. ಹಾಸಿದ ಬಟ್ಟೆ, ಎರಡು ತಟ್ಟೆ, ನಡುವೆ ಕಡುಬು ಕಂಡು ಅವರ ಕಣ್ಣು ತೇವವಾಯಿತು. "ಕಾಯ್ತಾ ಇದ್ರಾ ನನಗೆ? ಎಲ್ಲ ಕಡೆ ನನ್ನ ಕಂಡ್ರೆ ಬಾಗಿಲು ಹಾಕ್ಕೊಳ್ತಾರೆ ಕಣ್ರೀ. ಹೆಂಡ್ತಿ ಹೋದ್ಮೇಲೆ ಯಾರೂ ನನಗೆ ಅಂತ ತಟ್ಟೆ ಹಾಕಿಟ್ಟಿದ್ದೇ ಇಲ್ಲ."

ಅವರು ಕೂತು, ಕೋಟು ಬಿಚ್ಚಿ, ದೊಡ್ಡ ತುಂಡು ಬಡಿಸಿಕೊಂಡರು. ತಿನ್ನುತ್ತ ತಿನ್ನುತ್ತ ತಮ್ಮ ಮಂಡಿನೋವಿನ ಕತೆಯನ್ನು ಮೊದಲಿಂದ ಶುರುಮಾಡಿದರು. ಮಂಡಿಯಿಂದ ಸೊಂಟಕ್ಕೆ ಏರಿದರು, ಸೊಂಟದಿಂದ ಸತ್ತ ಹೆಂಡತಿಗೆ. ಕ್ವಿಂಟಿನ್ ಎದುರಿಗೆ ಕೂತು ಹೂಂಗುಡುತ್ತಿದ್ದ. ನಡುನಡುವೆ ಅವನ ಕಣ್ಣು ಕಿಟಕಿಯ ಕಡೆ ಹೋಗುತ್ತಿತ್ತು. ಹಳ್ಳದ ಆಚೆ ಲ್ಯಾಗನ್‌ನ ಮಾಳಿಗೆಯಲ್ಲಿ ಯಾರೋ ದೀಪ ಹಚ್ಚಿದರು.

"ನೀವೇನೂ ಮಾತೇ ಆಡ್ತಿಲ್ಲ?" ಎಂದು ಹ್ಯಾಡೋ ಕೇಳಿದರು.

"ಮಳೆ ಬರಬಹುದು," ಎಂದ ಕ್ವಿಂಟಿನ್.

"ಬಂದ್ರೆ ಬರ್ಲಿ ಬಿಡಿ." ಹ್ಯಾಡೋ ಬೂಟು ಬಿಚ್ಚಿ, ಚಪ್ಪಲಿ ಮೆಟ್ಟಿ ಕಾಲನ್ನು ಒಲೆಯ ಕಡೆ ಚಾಚಿದರು. "ಈ ಫಾರ್ಮು ಇನ್ಮೇಲೆ ನೆಟ್ಟಾ ಗಿಬ್ಸನ್ ಸುತ್ತಿನಿಂದ ಬಿಟ್ಟುಹೋಯ್ತು, ಪ್ರತಿ ತಿಂಗಳೂ ನಾನೇ ಬರ್ತೀನಿ. ಈ ಸಲ ಮೂರು ದಿನ ಸಾಕು ಅಂತ ಆಫೀಸ್ನೋರು ಹೇಳಿದಾರೆ. ಆದ್ರೆ ನನಗೇನೂ ಅವಸರ ಇಲ್ಲ ಕಣ್ರೀ, ಹಸುಗಳು ಒಪ್ಪೋದಾದ್ರೆ ಒಂದು ವಾರ ಇದ್ದೇ ಹೋಗ್ತೀನಿ."